ಗ್ರೀಕರನ್ನು ಎಲ್ಲಿಂದ ಓದಲಾರಂಭಿಸಬೇಕು?

ಪ್ರಾಚೀನ ಗ್ರೀಸನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಪ್ಲೇಟೋನನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ನನಗೇನೋ ಈಸ್ಕಿಲಸನ ‘ಪಾರಸಿಕರು’ ನಾಟಕವೇ ಒಳ್ಳೆಯ ಆರಂಭವೆನಿಸುತ್ತದೆ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯಾದ ನೌಕಾಪಡೆ ಗ್ರೀಕರಿಗೆ ಸೋತಿತು. ಅದಾದ ಎಂಟು ವರ್ಷಗಳಿಗೆ, ಶತ್ರುಗಳು ಸುಟ್ಟುಹಾಕಿದ್ದ ಅಥೆನ್ಸ್ ನಗರದಲ್ಲಿಯೇ, ಪರ್ಷಿಯನ್ನರ ವಿರುದ್ಧದ ಮ್ಯಾರಥಾನ್ ಯುದ್ಧದಲ್ಲಿ ಸ್ವತಃ ಕಾದಾಡಿದ್ದ ಈ ಕವಿ ಗೆದ್ದವರ ಮೆರವಣಿಗೆಯನ್ನು ತೋರಿಸದೆ, ಪರ್ಷಿಯಾದ ರಾಜಧಾನಿ ಸೂಸಾದ ಅರಮನೆಯಲ್ಲಿ ಮಗ, ದೊರೆ ಕ್ಸರ್ಕ್ಸೀಸನ ಸೋಲಿನ ಸುದ್ದಿ ಕೇಳಿ ಕುಸಿಯುವ ರಾಣಿ ಅಟೋಸಾಳನ್ನು ರಂಗಕ್ಕೆ ತಂದನು. ಪೂರ್ಣವಾಗಿ ಉಳಿದುಬಂದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಅತ್ಯಂತ ಹಳೆಯದು. (ಆ ಗೋಳು ಅಂದಿನ ಪ್ರೇಕ್ಷಕರಲ್ಲಿ ಕರುಣೆಯ ಜೊತೆಗೆ ಒಂದಿಷ್ಟು ಹೆಮ್ಮೆಯನ್ನೂ ಹುಟ್ಟಿಸಿರಬೇಕು.) ದೊರೆಯ ಮದವೇ ಈ ವಿನಾಶದ ಮೂಲವೆಂದು ಅವನ ತೀರಿಹೋದ ತಂದೆ ಡೇರಿಯಸನ ಪ್ರೇತ ನುಡಿಯುವಲ್ಲಿ ಇತಿಹಾಸ, ಕಾವ್ಯ, ತತ್ತ್ವಚಿಂತನೆ ಮೂರೂ ಒಟ್ಟಿಗೆ ಸಿಗುತ್ತವೆ. ಬಿ.ಎಂ.ಶ್ರೀ. ಇದನ್ನು ಕನ್ನಡಕ್ಕೆ ತಂದಿರುವುದರಿಂದ ನಮಗೆ ಇಂಗ್ಲಿಷಿನ ಹಂಗೂ ಇಲ್ಲ.