ಸುಮ್ಮನೆ ಗಮನಿಸುತ್ತಾ ಕೂತರೆ ಆತಂಕ ಹೆಚ್ಚಾಗುವುದಿಲ್ಲವೇ?

ಆತಂಕದ ಯೋಚನೆಯೊಂದಿಗೆ ಜಗಳಕ್ಕಿಳಿಯದೆ ಅದನ್ನು ಗಮನಿಸಿ ಎಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು: “ಮೊದಲೇ ತಲೆ ತುಂಬ ಅದೇ ಇದೆ. ಇನ್ನು ಕೂತು ಅದನ್ನೇ ನೋಡಿದರೆ ಹೆಚ್ಚಾಗುವುದಿಲ್ಲವೇ?”

ಹೆಚ್ಚಾಗಬಹುದು. ಗಮನಿಸುವ ಹೆಸರಿನಲ್ಲಿ ಚಿಂತೆಯನ್ನೇ ಮುಂದುವರಿಸಿದರೆ ಹೆಚ್ಚಾಗುತ್ತದೆ, ಗಮನಿಸಿ ಅದನ್ನು ಓಡಿಸಲು ಹೊರಟರೂ ಹೆಚ್ಚಾಗುತ್ತದೆ.

ನಾಳೆಯ ಸಂದರ್ಶನದಲ್ಲಿ ತಡವರಿಸಿದರೆ ಎಂಬ ಯೋಚನೆ ಬಂತೆನ್ನಿ. ತಡವರಿಸಿದರೆ ಕೆಲಸ ಸಿಗದು, ಸಿಗದಿದ್ದರೆ ಸಾಲ ತೀರದು ಎಂದು ಬೆಳೆಸುತ್ತಾ ಹೋದರೆ ಅದು ಚಿಂತೆ. “ತಡವರಿಸುತ್ತೇನೆ ಎಂಬ ಯೋಚನೆ ಬಂದಿದೆ, ಎದೆ ಬಿಗಿದಿದೆ, ಅಂಗೈ ಬೆವರಿದೆ” ಎಂದು ಅಲ್ಲಿಗೇ ನಿಂತರೆ ಅದು ಗಮನಿಸುವುದು.

ಇನ್ನು ಓಡಿಸುವ ಮಾತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ 5 ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಕರಡಿಯ ಬಗ್ಗೆ ಯೋಚಿಸಿ ಎಂದಾಗ, ಮೊದಲೇ ಯೋಚಿಸಿ ಎಂದು ಹೇಳಿಸಿಕೊಂಡವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ಒಂದು ಯೋಚನೆ ಬಂದಿಲ್ಲ ತಾನೇ ಎಂದು ಕಾಯಬೇಕಾದರೆ ಮನಸ್ಸು ಅದನ್ನೇ ಹಿಡಿದುಕೊಂಡಿರಬೇಕಾಗುತ್ತದೆ. ಹಾಗಾಗಿ ಅಭ್ಯಾಸದ ನಡುವೆ “ಆತಂಕ ಹೋಯಿತಾ?” ಎಂದು ಕೇಳಿಕೊಳ್ಳುವುದು ಸಾಮಾನ್ಯ ತಪ್ಪು. ಕೇಳಿಕೊಂಡಿದ್ದು ಗೊತ್ತಾದರೆ “ಪರೀಕ್ಷಿಸುವ ಯೋಚನೆ” ಎಂದು ಅದಕ್ಕೂ ಹೆಸರಿಟ್ಟು ಮುಂದುವರಿಯಿರಿ.

ದಿನಕ್ಕೆ 10 ನಿಮಿಷ ಸಾಕು, ಆದರೆ ಆತಂಕ ಉಕ್ಕಿದ ಹೊತ್ತಿಗೆ ಕಾಯದೆ ಸಾಧಾರಣ ಹೊತ್ತಿನಲ್ಲಿ ಶುರುಮಾಡಿ. ಕುರ್ಚಿಯ ಮೇಲೆ ಕೂತು ಪಾದಗಳನ್ನು ನೆಲಕ್ಕೆ ಊರಿ. ಮೊದಲ 2 ನಿಮಿಷ ಅಂಗಾಲಿಗೆ ನೆಲ ತಾಗುವುದನ್ನಷ್ಟೇ ಗಮನಿಸಿ. ಯೋಚನೆ ಬಂದಾಗ ಅದಕ್ಕೆ ಒಂದೆರಡು ಪದದ ಹೆಸರಿಡಿ: ಭಯ, ಲೆಕ್ಕಾಚಾರ, ಹಳೇ ಮಾತು. ದೇಹದಲ್ಲಿ ಅದು ಎಲ್ಲಿದೆ, ಬಿಗಿತವೋ ಬಿಸಿಯೋ ನಡುಕವೋ ನೋಡಿ. ಎರಡು ಮೂರು ಉಸಿರಿನಷ್ಟು ಹೊತ್ತು ಅಲ್ಲಿದ್ದು ಮತ್ತೆ ಅಂಗಾಲಿಗೆ ಬನ್ನಿ. ಇಪ್ಪತ್ತು ಸಲ ಮರಳಬೇಕಾಗಿ ಬಂದರೂ ಅಭ್ಯಾಸ ಕೆಟ್ಟಿಲ್ಲ. ಹಾಗೆ ಮರಳುವುದೇ ಇಲ್ಲಿ ಕಲಿಯಬೇಕಾದ ಕೆಲಸ. ಈ ಯೋಚನೆ ಯಾಕೆ ಬಂತು ಎಂಬ ವಿಚಾರಣೆ ಮಾತ್ರ ಬೇಡ, ಅದು ಚಿಂತೆಗೇ ಕರೆದೊಯ್ಯುತ್ತದೆ.

ಉಸಿರಿನ ಬದಲು ಅಂಗಾಲು ಯಾಕೆ? ಎದೆ ಹೊಡೆದುಕೊಂಡು ಗಾಬರಿ ಬೀಳುವವರು ಉಸಿರನ್ನು ನೋಡತೊಡಗಿದರೆ ಅರಿವಿಲ್ಲದೆ ಜೋರಾಗಿ ಎಳೆದುಕೊಳ್ಳಬಹುದು. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇಮ್ಮಡಿಯಾಗುತ್ತದೆ. ಅಂಥವರು ಕಣ್ಣು ತೆರೆದಿಟ್ಟುಕೊಂಡು ಅಂಗಾಲನ್ನೋ ಸುತ್ತಲಿನ ಸದ್ದನ್ನೋ ಹಿಡಿಯುವುದೇ ಕ್ಷೇಮ.

ಕಟ್ಟಬೇಕಾದ ಬಿಲ್ಲು, ಮಾಡಬೇಕಾದ ಫೋನು ಇದ್ದರೆ ಗಮನಿಸುತ್ತಾ ಕೂರಬೇಡಿ, ಮುಂದಿನ ಒಂದು ಹೆಜ್ಜೆ ಬರೆದು ಅದನ್ನು ಮಾಡಿ ಮುಗಿಸಿ.

2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆತಂಕದ ಕಾಯಿಲೆಯಿದ್ದ 276 ಜನರಲ್ಲಿ ಕೆಲವರಿಗೆ 8 ವಾರದ ಧ್ಯಾನ ತರಬೇತಿ, ಉಳಿದವರಿಗೆ ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಮಾತ್ರೆ ಕೊಟ್ಟರು. ಪರಿಣಾಮ ಹೆಚ್ಚುಕಡಿಮೆ ಒಂದೇ. ಆದರೆ ಧ್ಯಾನ ಕಲಿತವರದು ವಾರದ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷದ ಅಭ್ಯಾಸ. ಹತ್ತು ನಿಮಿಷದ ಅಭ್ಯಾಸ ಅದಕ್ಕೆ ಸಮ ಎಂದುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕಣ್ಣು ಮುಚ್ಚಿದೊಡನೆ ಹಳೆಯ ಆಘಾತ ಮರುಕಳಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.