ಟೆಲಿಸ್ಕೋಪ್ ಕೊಳ್ಳುವ ಮುಂಚೆ ಅದರ ಕಾಲು ನೋಡಿ

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. "ಸರ್, ಮಗಳಿಗೆ ಒಂದು ಟೆಲಿಸ್ಕೋಪ್ ಕೊಡಿಸಬೇಕು, ಜಾಸ್ತಿ ದುಡ್ಡು ಹಾಕೋಕಾಗಲ್ಲ, ಯಾವುದು ತಗೊಳ್ಳಲಿ?" ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ?" ಆ ಎರಡನೇ ಪ್ರಶ್ನೆ ಕೇಳಿಯೇ ನಾನು ದುಡ್ಡು ಕಳೆದುಕೊಂಡಿದ್ದು.

ನನ್ನ ಮೊದಲ ಟೆಲಿಸ್ಕೋಪಿನ ಡಬ್ಬದ ಮೇಲೆ 525 ಪಟ್ಟು ಅಂತ ಬರೆದಿತ್ತು, ಪಕ್ಕದಲ್ಲಿ ಬಣ್ಣಬಣ್ಣದ ನೆಬ್ಯುಲಾ (ಆಕಾಶದ ಅನಿಲ, ಧೂಳಿನ ಮೋಡ) ಚಿತ್ರ. ಮುಂದಿನ ಲೆನ್ಸ್ ಬರೀ 60 ಮಿ.ಮೀ. ಮೈಸೂರಿನ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಶನಿಯನ್ನು ಹುಡುಕೋಕೆ ಮುಕ್ಕಾಲು ಗಂಟೆ ಹಿಡಿಯಿತು. ಅಂತೂ ಸಿಕ್ಕಿತು ಅಂತ ಫೋಕಸ್ ತಿರುಪು ಮುಟ್ಟಿದೆ ನೋಡಿ, ಕಡ್ಡಿಯಂಥ ಸ್ಟ್ಯಾಂಡು ಗಡಗಡ ನಡುಗಿ ಶನಿ ಜೇನುಹುಳದ ಹಾಗೆ ಓಡಾಡೋಕೆ ಶುರು ಮಾಡಿತು, ನಡುಕ ನಿಲ್ಲೋ ಹೊತ್ತಿಗೆ ಭೂಮಿ ತಿರುಗಿ ಅದು ಆಚೆಗೆ ಜಾರಿಹೋಗಿತ್ತು. ಮತ್ತೆ ಹುಡುಕು. ಅಷ್ಟರಲ್ಲಿ ಕೆಳಗಿನಿಂದ ಊಟಕ್ಕೆ ಕರೆದರು.

ಆ 525 ಎಲ್ಲಿಂದ ಬಂತು ಅಂತ ಆಮೇಲೆ ಲೆಕ್ಕ ಹಾಕಿದೆ. ಕೊಳವೆಯ ಫೋಕಲ್ ಲೆಂತನ್ನು, ಅಂದರೆ ಮುಂದಿನ ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರವನ್ನು, ಐಪೀಸಿನ (ಕಣ್ಣಿಡುವ ಪುಟ್ಟ ಲೆನ್ಸಿನ) ಫೋಕಲ್ ಲೆಂತಿನಿಂದ ಭಾಗಿಸಿದರೆ ಎಷ್ಟು ಪಟ್ಟು ಅನ್ನೋದು ಸಿಗುತ್ತದೆ. ನನ್ನ ಕೊಳವೆಯ 700 ಮಿ.ಮೀ.ಯನ್ನು ಐಪೀಸಿನ 4 ಮಿ.ಮೀ.ಯಿಂದ ಭಾಗಿಸಿದರೆ 175, ಅದಕ್ಕೆ ಚಿತ್ರವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್ ಸೇರಿಸಿದರೆ 525. ಲೆಕ್ಕ ಸುಳ್ಳಲ್ಲ. ಆದರೆ ಲೆನ್ಸ್ ಎಷ್ಟು ಮಿ.ಮೀ. ಅಗಲವೋ ಅದರ ಎರಡರಷ್ಟಕ್ಕಿಂತ ಮೇಲೆ ಹೋದರೆ ಪ್ರಯೋಜನವಿಲ್ಲ. 60 ಮಿ.ಮೀ.ಗೆ 120 ಪಟ್ಟೇ ಕೊನೆ. ಅದರಾಚೆ ಎಲ್ಲವೂ ನೀರು ಬಿದ್ದ ರಂಗೋಲಿ. ಶನಿಯ ಬಳೆ ಕಾಣೋಕೆ 30 ಪಟ್ಟು ಸಾಕು, ಅಲ್ವಾ ಮತ್ತೆ?

ಹಾಗಾಗಿ ನೋಡಬೇಕಾದ್ದು ಎರಡೇ: ಅಗಲ ಎಷ್ಟು, ಕಾಲು, ಅಂದರೆ ಸ್ಟ್ಯಾಂಡು, ಎಷ್ಟು ಗಟ್ಟಿ. ಅದರಲ್ಲೂ ಕಾಲು.

ಐದಾರು ಸಾವಿರವಷ್ಟೇ ಇದ್ದರೆ ಟೆಲಿಸ್ಕೋಪ್ ಬೇಡವೇ ಬೇಡ, 10x50 (ಹತ್ತು ಪಟ್ಟು, 50 ಮಿ.ಮೀ. ಲೆನ್ಸ್) ಬೈನಾಕ್ಯುಲರ್ ತಗೊಳ್ಳಿ. ಮೊಣಕೈ ಕಾಂಪೌಂಡ್ ಗೋಡೆಗೆ ಊರಿ ಹಿಡಿದರೆ ಗುರುಗ್ರಹದ ಚಂದ್ರಗಳು ಕಾಣುತ್ತವೆ, ಕೃತ್ತಿಕೆಯಂತೂ ಟೆಲಿಸ್ಕೋಪಿಗಿಂತ ಇದರಲ್ಲೇ ಚೆಂದ. ಆಕಾಶದ ಹುಚ್ಚು ಇಳಿದುಹೋದರೂ ರಂಗನತಿಟ್ಟಿಗೆ ಹಕ್ಕಿ ನೋಡೋಕೆ ಆಗುತ್ತೆ.

15ರಿಂದ 20 ಸಾವಿರ ಹಾಕೋಕೆ ಆಗುತ್ತೆ ಅಂದರೆ ಮುಂದಿನ ಲೆನ್ಸಿನ ಬದಲು ಕನ್ನಡಿ ಇರುವ 114 ಅಥವಾ 130 ಮಿ.ಮೀ. ಡಾಬ್ಸೋನಿಯನ್ ಟೆಲಿಸ್ಕೋಪ್. ಇದಕ್ಕೆ ಮೂರು ಕಾಲಿನ ಸ್ಟ್ಯಾಂಡೇ ಇಲ್ಲ, ಮರದ ಪೆಟ್ಟಿಗೆಯಂಥ ಬುಡದ ಮೇಲೆ ಕೂತು ಬೇಕಾದ ಕಡೆ ತಿರುಗುತ್ತದೆ. 130 ಮಿ.ಮೀ. ಅಂದರೆ ನನ್ನ ಹಳೇ 60ಕ್ಕಿಂತ ಸುಮಾರು 4.7 ಪಟ್ಟು ಜಾಸ್ತಿ ಬೆಳಕು. ಚಿತ್ರ ತಲೆಕೆಳಗಾಗಿ ಕಾಣುತ್ತದೆ, ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಅಂಗಡಿಯವರು ಈಕ್ವಟೋರಿಯಲ್ ಮೌಂಟ್ (ಆಕಾಶ ತಿರುಗುವ ಹಾಗೇ ತಿರುಗುವ ಸ್ಟ್ಯಾಂಡು) ಇರೋದು ತೋರಿಸಿ ಇದೇ ದೊಡ್ಡದು ಅಂತಾರೆ. ಅದನ್ನು ಧ್ರುವನಕ್ಷತ್ರಕ್ಕೆ ಹೊಂದಿಸಬೇಕು. ನಮ್ಮ ಮೈಸೂರಿನಲ್ಲಿ ಧ್ರುವ ಇರೋದು ನೆಲದಿಂದ ಬರೀ 12 ಡಿಗ್ರಿ ಮೇಲೆ, ಅಂದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಸುಮ್ನೆ ಯಾಕೆ ಆ ಪಾಡು?

ನನ್ನ ಡಾಬ್ಸೋನಿಯನ್ ಈಗ ಜಾಸ್ತಿ ಓಡಾಡೋದು ಪಾಂಡವಪುರದ ಹತ್ತಿರ ಹೆಂಡತಿಯ ಊರಿಗೆ. ಮನೆ ಮುಂದಿನ ಕಲ್ಲು ಬೆಂಚಿನ ಮೇಲೆ ಇಟ್ಟರೆ ಅಲುಗಾಟವೇ ಇಲ್ಲ. ಒಂದು ಅಷ್ಟಮಿ ರಾತ್ರಿ ಮಾವನವರಿಗೆ ಅರ್ಧ ಚಂದ್ರನನ್ನು ತೋರಿಸಿದೆ. ಹುಣ್ಣಿಮೆಯಲ್ಲಿ ಚಂದ್ರ ಬರೀ ಟ್ಯೂಬ್‌ಲೈಟು, ಅಷ್ಟಮಿಯಲ್ಲಾದರೆ ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಒಂದೊಂದು ಕುಳಿಗೂ ನೆರಳು ಇರುತ್ತದೆ. ಅವರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿ, "ಅಳಿಯಂದ್ರೇ, ಇದೇನು ಸುಣ್ಣ ಉದುರಿದ ಗೋಡೆ ಇದ್ದಂಗದೆ" ಅಂದರು. ನಾನು ಇಷ್ಟು ವರ್ಷದಲ್ಲಿ ಇಷ್ಟು ಸರಿಯಾಗಿ ಹೇಳಿಲ್ಲ.

ಊರಿನ ದೀಪದ ಬೆಳಕಿನಲ್ಲಿ ಏನು ಕಾಣುತ್ತೆ ಅನ್ನೋ ಅನುಮಾನ ಬೇಡ. ಚಂದ್ರ, ಗುರು, ಶನಿಗೆ ಮೈಸೂರಿನ ತಾರಸಿಯೇ ಸಾಕು. ಆದರೆ ಸಂಜೆ ಏಳಕ್ಕೆ ಶುರು ಮಾಡಬೇಡಿ, ಹಗಲಿಡೀ ಕಾದ ಕಾಂಕ್ರೀಟಿನಿಂದ ಬಿಸಿ ಮೇಲೇಳುವಾಗ ಗುರುಗ್ರಹ ಕುದಿಯೋ ಎಸರಿನ ತಳದಲ್ಲಿ ಬಿದ್ದ ಬೇಳೆ ತರ ಕಾಣುತ್ತದೆ. ರಾತ್ರಿ ಹತ್ತರ ಮೇಲೆ ವಾಸಿ. ನೆಬ್ಯುಲಾಗಳಿಗೆ ಮಾತ್ರ ಅಮಾವಾಸ್ಯೆ ಮತ್ತು ಹಳ್ಳಿ ಬೇಕು, ಆಗಲೂ ಬೂದಿ ಬಣ್ಣದ ಮಸುಕೇ ಹೊರತು ಡಬ್ಬದ ಮೇಲಿನ ಬಣ್ಣ ಅಲ್ಲ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರಗಳ ಗುಂಪನ್ನು ಹುಡುಕಿ. 130ರಲ್ಲಿ ಕಪ್ಪು ಬಟ್ಟೆ ಮೇಲೆ ರವೆ ಚೆಲ್ಲಿದ ಹಾಗೆ. ಅಷ್ಟು ಉತ್ತರದ ಲಂಡನ್ನಿನವರಿಗೆ ಇದು ಮನೆಯಿಂದ ಕಾಣುವುದೇ ಇಲ್ಲ.

ಇನ್ನು ಸೂರ್ಯ. ಅಗ್ಗದ ಸೆಟ್‌ಗಳ ಜೊತೆ ಐಪೀಸಿಗೆ ತಿರುಗಿಸುವ ಪುಟ್ಟ ಕಪ್ಪು ಗಾಜು ಕೊಡುವುದುಂಟು. ಅದನ್ನು ಅವತ್ತೇ ಕಸಕ್ಕೆ ಹಾಕಿ. ಬಿಸಿಗೆ ಸೀಳಿದರೆ ಕಣ್ಣೇ ಹೋಗುತ್ತದೆ.

ಯಾವಾಗ ಕೊಳ್ಳೋದು ಅಂತಲೂ ಕೇಳುತ್ತಾರೆ. ಸ್ಕೂಲು ಶುರುವಾಗುವಾಗ ಕೊಡಿಸಿದರೆ ಮೂರ್ನಾಲ್ಕು ತಿಂಗಳು ಮೋಡ, ಮಗು ದಿನಾ ಕಿಟಕಿ ನೋಡುತ್ತೆ, ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಬರುತ್ತೆ. ದಸರಾ ಕಳೆಯಲಿ.