ಏಳು ಪಾಯಿಂಟಿನ ಕರಿ ಚೆಂಡು, ಒಂದು ವೀರಗಲ್ಲು

ನಾಲ್ಕು ಸಲ ಕೈಕೊಟ್ಟ ಆರ್‌ಟಿಐ ಐದನೇ ಸಲ ಕೂಡಿಬಂತು. ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ ಮಾರಾಯ್ರೆ, ಕ್ಯಾಮೆರಾ ಅಲ್ಲಾಡಿಸದೆ ಬೆಳಕಿನ ದಿಕ್ಕು ಬದಲಿಸಿ ಫೋಟೋ ತೆಗೆಯುವ ಆರ್‌ಟಿಐ, ಅಂದ್ರೆ ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್. ಆ ಫೋಟೋಗಳನ್ನೆಲ್ಲ ಸಾಫ್ಟ್‌ವೇರ್ ಒಂದು ಮಾಡಿದರೆ, ಪರದೆಯಲ್ಲಿ ಬೆಳಕನ್ನು ಬೇಕಾದ ಕಡೆ ಎಳೆದು ಸವೆದ ಕೆತ್ತನೆ ನೋಡಬಹುದು. ಮನೆಯಲ್ಲಿ ಈ ಮಾತೆತ್ತಿದರೆ ಈಗಲೂ "ಯಾವ ಇಲಾಖೆಗೆ ಹಾಕಿದ್ರಿ?" ಅಂತಾರೆ.

ಟ್ರೈಪಾಡ್, ಮ್ಯಾನುವಲ್ ಮೋಡ್, ಪ್ರತಿ ಸಲ ಅಷ್ಟೇ ದೂರ ಇರಲಿ ಅಂತ ದಾರ ಅಳೆದು ಫ್ಲ್ಯಾಶ್ ಹಿಡಿಯುವುದು, ಇದೆಲ್ಲ ಬಿಡಿ. ನೇರ ನನ್ನ ವೀರಗಲ್ಲಿಗೆ ಬರುತ್ತೇನೆ. ಕೊಡಗಿನ ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದ ಅಂಚಿನಲ್ಲಿದೆ. ಮಾಮೂಲಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಯಲ್ಲಿ ಸವೆದ ಗೆರೆಗಳು. ಶಾಸನಗಳನ್ನು ಒಟ್ಟುಮಾಡಿದ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವೇ ಕೊಡಗಿನದು, ಬಿ. ಎಲ್. ರೈಸ್ 1886ರಲ್ಲಿ ತಂದದ್ದು. ಅದರಲ್ಲಿ ಈ ಕಲ್ಲು ಸಿಗಲಿಲ್ಲ. ಆ ಗೆರೆಗಳು ಅಕ್ಷರಗಳೇ ಅಂತ ಎರಡು ವರ್ಷ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ತಕರಾರು ಇದ್ದದ್ದು ಚೆಂಡಿನಲ್ಲಿ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ತಂಡ ಆರ್‌ಟಿಐನ ಮೂಲ ವಿಧಾನ ಹೊರತಂದಾಗ ದೀಪಗಳನ್ನು ಗೂಡಿನಲ್ಲಿ ಕೂರಿಸಿತ್ತು. ಯಾವ ದೀಪ ಎಲ್ಲಿದೆ ಅಂತ ಮೊದಲೇ ಗೊತ್ತು. ತೋಟದಲ್ಲಿ ಗೂಡು ಎಲ್ಲಿಂದ ತರೋದು? ಕಲ್ಲಿನ ಪಕ್ಕ ಹೊಳೆಯುವ ಕರಿ ಚೆಂಡು ಇಡಬೇಕು. ಫ್ಲ್ಯಾಶ್ ಹೊಡೆದಾಗ ಅದರ ಮೇಲೆ ಮಿಂಚುವ ಚುಕ್ಕೆ ನೋಡಿ ಬೆಳಕು ಎತ್ತಲಿಂದ ಬಂತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಚುಕ್ಕೆ ತಪ್ಪಿದರೆ ಎಲ್ಲವೂ ತಪ್ಪು.

ಆನ್‌ಲೈನಿನಲ್ಲಿ ತರಿಸಿದ ಚೆಂಡು "ಕನ್ನಡಿ ಹೊಳಪು" ಅಂತ ಬಂತು. ಹೊಳಪೇನೋ ಇತ್ತು, ನಡುವೆ ಅಚ್ಚಿನ ಅಂಚೂ ಇತ್ತು, ಇಡ್ಲಿಗೆ ಇರುವ ಹಾಗೆ! ಆ ಅಂಚಿನ ಮೇಲೆ ಇನ್ನೊಂದು ಚುಕ್ಕೆ ಮಿಂಚುತ್ತಿತ್ತು. ಸಾಫ್ಟ್‌ವೇರ್ ಪಾಪ ಎರಡರಲ್ಲಿ ಯಾವುದನ್ನು ನಂಬಬೇಕು? ನನ್ನ ವೀರ ಒದ್ದೆ ರಟ್ಟಿನ ಪೆಟ್ಟಿಗೆಯ ಹಾಗೆ ಕಾಣುತ್ತಿದ್ದ. ಮಾರಿದವನಿಗೆ ಬರೆದರೆ "ಅಲಂಕಾರದ ವಸ್ತು, ವಾಪಸ್ ಇಲ್ಲ."

ಕೊನೆಗೆ ನಮ್ಮೂರ ಕ್ಲಬ್ಬಿನಿಂದ ಸ್ನೂಕರ್‌ನ ಏಳು ಪಾಯಿಂಟಿನ ಕರಿ ಚೆಂಡು ಎರವಲು ತಂದೆ. 52.5 ಮಿಲಿಮೀಟರ್, ಗುಂಡಗೆ ಅಂದ್ರೆ ಗುಂಡಗೆ. ಅದರಲ್ಲೂ ಕೆಟ್ಟಿತು. ರಾತ್ರಿ ತೆಗೆದರೆ ಫ್ಲ್ಯಾಶ್ ಬೆಳಕು ಎದ್ದು ಕಾಣುತ್ತದೆ, ಆದರೆ ರಾತ್ರಿ ತೋಟ ಆನೆಗಳದ್ದು. ಹಾಗಾಗಿ ಬೆಳಗಿನ ಜಾವ, ಕಾಫಿ ಹರಡುವ ಕರಿ ಟಾರ್ಪಾಲನ್ನು ಚಪ್ಪರ ಮಾಡಿ ಕೂತೆ. 48 ಫೋಟೋ. ಮನೆಗೆ ಬಂದು ನೋಡಿದರೆ ಹನ್ನೆರಡನೆಯದರಿಂದ ಮುಂದೆ ಚುಕ್ಕೆಯೇ ಇಲ್ಲ, ಮಸುಕು ಮಸುಕು. ಸಾಫ್ಟ್‌ವೇರನ್ನು ಬೈದೆ, ಲೆನ್ಸ್ ಬದಲಿಸಿದೆ, ಫ್ಲ್ಯಾಶಿಗೆ ಹೊಸ ಬ್ಯಾಟರಿ ಹಾಕಿದೆ. ಮುಂದಿನ ವಾರ ಸುಮ್ನೆ ಚೆಂಡು ಮುಟ್ಟಿ ನೋಡಿದೆ. ಒದ್ದೆ! ರಾತ್ರಿಯೆಲ್ಲ ಜೀಪಿನಲ್ಲಿ ತಣ್ಣಗಾದ ಚೆಂಡಿನ ಮೇಲೆ ನಮ್ಮ ಮಂಜಿನ ನೀರು ಕೂತಿತ್ತು. ಒರೆಸಿದರೆ ಮತ್ತೆ ಕೂರುತ್ತದೆ. ಈ ಸಲ ಚೆಂಡನ್ನು ಕಾಫಿ ಫ್ಲಾಸ್ಕಿನ ಜೊತೆ ಉಣ್ಣೆ ಟೋಪಿಯಲ್ಲಿ ಸುತ್ತಿ ಒಯ್ದೆ. ಹತ್ತು ಫೋಟೋಗೊಮ್ಮೆ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿ, ಗುರುತು ಹಾಕಿದ ಜಾಗದಲ್ಲೇ ಮತ್ತೆ ಇಟ್ಟೆ. 48ಕ್ಕೆ 48 ಚುಕ್ಕೆ.

ಪರದೆಯಲ್ಲಿ ಬೆಳಕನ್ನು ಪಕ್ಕಕ್ಕೆ ಎಳೆದೆ. ನನ್ನ "ಅಕ್ಷರಗಳು" ಕತ್ತಿ ಮಸೆದ ಗುರುತುಗಳು! ಎಲ್ಲ ಒಂದೇ ಕಡೆಗೆ ವಾಲಿದ ನೇರ ಗೆರೆಗಳು, ಒಂದೂ ತಿರುಗುವುದಿಲ್ಲ. ಕನ್ನಡದ ಅಕ್ಷರ ತಿರುಗದೆ ಇರುತ್ತದಾ? ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ನೋಡಿದರೆ ಮೇಲಿನ ಪಟ್ಟಿಯ ಎಡ ಮೂಲೆಯಲ್ಲಿ, ನಾನು ಯಾವತ್ತೂ ಗಮನಿಸದ ಕಡೆ, ಗುಂಡಗಿನ ತಿರುವುಗಳು. ಬೆಳಕನ್ನು ತೀರಾ ಕೆಳಕ್ಕೆ ಎಳೆದರೆ "ಸ್ವಸ್ತಿ", ಎಷ್ಟೋ ಶಾಸನಗಳು ಶುರುವಾಗುವ ಮಾತು. ಅದರ ಮುಂದೆ ಕಲ್ಲುಹೂವು ಮೆತ್ತಿದೆ. ಅದನ್ನು ತಂತಿ ಬ್ರಷ್ ಹಾಕಿ ಉಜ್ಜಲು ಹೇಳಬೇಡಿ, ಜಗಳ ಆಗುತ್ತೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಮೈದಾ ಬಳಿಯೋರಿಗೂ ಅದೇ ಮಾತು.

ಮುಂದಿನ ಕೆಲಸ ಕಡಂಗಗಳು. ತೋಟಗಳ ನಡುವೆ ಹಾದುಹೋಗುವ ಹಳೆಯ ಯುದ್ಧದ ಕಂದಕಗಳನ್ನು ನಕ್ಷೆಯಲ್ಲಿ ಕೂರಿಸಬೇಕು. ನನಗೆ ಸಿಕ್ಕ ಉಪಗ್ರಹ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ನೆಲದ 30 ಮೀಟರ್ ಚೌಕ, ಅದರಲ್ಲಿ ಕಡಂಗ ಮುಳುಗಿಹೋಗುತ್ತದೆ. ಡ್ರೋನ್ ಕ್ಯಾಮೆರಾಕ್ಕೆ ಸಿಲ್ವರ್ ಓಕ್ ನೆತ್ತಿ ಮಾತ್ರ ಕಾಣುತ್ತದೆ. ಎಲೆ ಸಂದಿಯಲ್ಲಿ ನೆಲ ಮುಟ್ಟುವ ಲೇಸರ್‌ನ ಲೈಡಾರ್ ಬೇಕು. ಬಾಡಿಗೆಗೆ ಕೇಳಿದೆ. "ಮೊದಲು ಮರ ಕ್ಲಿಯರ್ ಮಾಡಿಸಿ ಸಾರ್" ಅಂದ ಪುಣ್ಯಾತ್ಮ. ಮರ ಕಡಿದರೆ ನಿನ್ನ ಲೈಡಾರ್ ಯಾಕಪ್ಪ?

ತೋಟದ ಕೆಲಸದವರೊಬ್ಬರಿಗೆ ಮೊಬೈಲಿನಲ್ಲಿ ಕಲ್ಲು ತೋರಿಸಿದೆ. ಬೆರಳಲ್ಲಿ ಬೆಳಕನ್ನು ಅತ್ತಿತ್ತ ಎಳೆದು, ಕತ್ತಿ ಗುರುತು ಕಂಡು ನಕ್ಕರು. "ಅದು ನಮ್ಮಪ್ಪಂದೇ ಇರ್ಬೇಕು." ಈಗ ಅವರು ಅಲ್ಲಿ ಮಸೆಯುವುದಿಲ್ಲವಂತೆ. ತೋಡಿನ ಹತ್ತಿರ ಇನ್ನೊಂದು ಚಪ್ಪಟೆ ಕಲ್ಲು ಸಿಕ್ಕಿದೆ, ಅದರ ಹಿಂದುಗಡೆ ಏನೋ ಕುದುರೆ ತರ ಕೆತ್ತಿದೆ ಅಂದರು. ಭಾನುವಾರ ಹೋಗಬೇಕು, ಕ್ಲಬ್ಬಿನವರು ಚೆಂಡು ವಾಪಸ್ ಕೇಳೋದರೊಳಗೆ.